ಉಪವಾಸದ ಸೋಮವಾರ, ಕೈ ಎತ್ತಿದ ರಫ್‌ನೆಕ್

ಹೋದ ವರ್ಷದ ಶ್ರಾವಣ. ಎರಡನೆಯ ಸೋಮವಾರ ಹನ್ನೊಂದರ ಸುಮಾರಿಗೆ ಈ ಪರದೇಶದಲ್ಲಿ, ನ್ಯೂ ಲಿನ್ ಬಡಾವಣೆಯ ನಮ್ಮ ಮನೆಯಲ್ಲಿ, ಮರುದಿನದ ಪೂಜೆಗೆಂದು ಹಿತ್ತಾಳೆ ದೀಪಗಳಿಗೆ ಹುಣಸೆಹಣ್ಣು ಹಚ್ಚಿ ತಿಕ್ಕುತ್ತಿದ್ದೆ. ಫೋನ್ ಬಂತು. ನಮ್ಮ ಮನೆಯವರ ನಂಬರು, ಆದರೆ ದನಿ ಬೇರೆ ಯಾರದೋ.

"ಮಿಸೆಸ್ ಜೋಶಿ? ಮೊದಲು ಇಷ್ಟು ಹೇಳ್ತೀನಿ, ನಿಮ್ಮ ಯಜಮಾನರು ಆರಾಮ ಇದ್ದಾರೆ," ಎಂದು ಇಂಗ್ಲಿಷಿನಲ್ಲಿ ಶುರುಮಾಡಿದ. ಹೀಗೆ ಶುರುವಾಗುವ ಫೋನಿನಲ್ಲಿ ಆರಾಮದ ಸುದ್ದಿ ಇರುವುದಿಲ್ಲವೆಂದು ಯಾರಿಗೆ ಗೊತ್ತಿಲ್ಲ? ಕೈಯಲ್ಲಿದ್ದ ದೀಪ ಕೆಳಗಿಟ್ಟೆ.

ನಮ್ಮ ಮನೆಯವರು ತಾರನಾಕಿ ಕಡೆಯ ಸಮುದ್ರದೊಳಗೆ ಎಣ್ಣೆ ತೆಗೆಯುವ ರಿಗ್‌ನಲ್ಲಿ ಇಂಜಿನಿಯರ್. ಎರಡು ವಾರ ಅಲ್ಲಿ, ಎರಡು ವಾರ ಮನೆಯಲ್ಲಿ. ಭಾರದ ಪೈಪು ಹಿಡಿದು ಜೋಡಿಸುವವರಿಗೆ ಅಲ್ಲಿ ರಫ್‌ನೆಕ್ ಎನ್ನುತ್ತಾರೆ. ಆ ಹೆಸರು ಕೇಳಿದರೇ ಆಗ ನನಗೆ ಮೈಯೆಲ್ಲ ಉರಿ. ಹಿಂದೆ ಅದು ಪುಂಡರನ್ನು ಬೈಯುವ ಮಾತಾಗಿತ್ತಂತೆ. ಆಮೇಲೆ ಈ ಕೆಲಸಕ್ಕೇ ಹೆಸರಾಯಿತಂತೆ. ಈಗ ಅವರೇ ಅದನ್ನು ಟೊಪ್ಪಿಗೆಯ ಮೇಲೆ ಬರೆಸಿಕೊಂಡು ಮೆರೆಯುತ್ತಾರೆ. ಇವರೂ ಒಮ್ಮೆ ಅಂಥದ್ದೊಂದು ಹಾಕಿಕೊಂಡು ಬಂದಾಗ, "ಪುಂಡ ಅಂತ ತಲಿ ಮ್ಯಾಲೆ ಬರ್ಕೊಂಡು ದೇವರ ಮುಂದ ನಿಂದರ್ತೀರೇನು?" ಎಂದು ಕಿತ್ತು ಗ್ಯಾರೇಜಿಗೆ ಎಸೆದಿದ್ದೆ. "ಮಮ್, ಇಟ್ಸ್ ಜಸ್ಟ್ ಎ ಜಾಬ್," ಎಂದು ಮಗಳು ಮುಖ ತಿರುವಿದ್ದಳು.

ಫೋನಿನಲ್ಲಿದ್ದವನ ಹೆಸರು ಹೇಮಿ. ಇವರು ಕಬ್ಬಿಣದ ಮೆಟ್ಟಿಲು ಹತ್ತುತ್ತ ತಲೆ ಸುತ್ತಿ, ಕಣ್ಣು ಮುಚ್ಚಿ ಕಟಕಟೆ ಹಿಡಿದು ನಿಂತಿದ್ದರಂತೆ. ಪಕ್ಕದಲ್ಲೇ, ವಾಲಿದರೆ ತಗಲುವಷ್ಟು ಹತ್ತಿರ, ಯಂತ್ರ ಭಾರದ ಪೈಪನ್ನು ಮೇಲಕ್ಕೆ ಎಳೆಯುತ್ತಿತ್ತಂತೆ. ಹೇಮಿ ಅದನ್ನು ಕಂಡು ಕೈ ಎತ್ತಿದ. ಅಪಾಯ ಕಂಡು ಯಾರೇ ಕೈ ಎತ್ತಿದರೂ ಇಡೀ ಕೆಲಸ ನಿಲ್ಲಬೇಕು, ಮ್ಯಾನೇಜರೂ ಎದುರಾಡುವಂತಿಲ್ಲ ಎಂಬುದು ಅಲ್ಲಿಯ ಪದ್ಧತಿಯಂತೆ. ಕೆಲಸ ನಿಂತಿತು. ಇವರನ್ನು ತೋಳಲ್ಲಿ ಹಿಡಿದು ಕೆಳಗಿಳಿಸಿ ಸಕ್ಕರೆ ಹಾಕಿದ ಚಹಾ ಕುಡಿಸಿದ್ದೂ ಅವನೇ.

"ನೀರು ಕೂಡ ಕುಡಿದಿಲ್ಲ ಅಂತಾರೆ. ನಿಮಗೆ ಹೇಳಬೇಡ ಅಂದ್ರು. ನಾನು ಬಿಡಲಿಲ್ಲ," ಎಂದ.

ಹಿಂದಿನ ಸಂಜೆ ಫೋನಿನಲ್ಲಿ, "ಹ್ವಾದ ಸೋಮವಾರ ಏನೇನೋ ತಿಂದ್ರಿ. ನಾಳೆ ಚಹಾ ಸುದ್ಧಾ ಮುಟ್ಟಬ್ಯಾಡ್ರಿ," ಎಂದು ಜಗಳ ತೆಗೆದವಳು ನಾನೇ. ಹನ್ನೆರಡು ತಾಸು ನಿಂತು ದುಡಿಯುವ ಮನುಷ್ಯನಿಗೆ! ಇಪ್ಪತ್ತಾರು ವರ್ಷದ ಸಂಸಾರದಲ್ಲಿ ಇವರು ನನ್ನ ಮಾತು ಪೂರ್ತಿ ಕೇಳಿದ್ದು ಅದೊಂದೇ ದಿನ.

ಫೋನು ಇವರ ಕೈಗೆ ಹೋಯಿತು. "ಏನಿಲ್ಲ, ಸ್ವಲ್ಪ ಚಕ್ರ ಬಂದಂಗಾತು," ಎಂದರು.

"ನಾ ಹೇಳಿದ್ನಿ ಅಂತ ಹಿಂಗ ಮಾಡೋದೇನ್ರಿ? ನಿಮಗರ ಬುದ್ಧಿ ಬ್ಯಾಡೇನು?"

"ಕೇಳಿದ್ರೂ ಬೈತಿ, ಕೇಳದಿದ್ರೂ ಬೈತಿ."

ನನಗೆ ಅಳುವೇ ಬಂತು. ಹೇಮಿ ಮತ್ತೆ ಫೋನು ತಗೊಂಡು, "ನಮ್ಮಜ್ಜಿಯೂ ಪ್ರಾರ್ಥನೆ ಆಗದೆ ತಟ್ಟೆಗೆ ಕೈ ಹಾಕೋಕೆ ಬಿಡೋಳಲ್ಲ. ಆದರೆ ಪ್ರಾರ್ಥನೆ ಆದಮೇಲೆ ಉಣ್ಣದಿದ್ರೂ ಬಿಡೋಳಲ್ಲ," ಎಂದ. ಅದರಲ್ಲಿ ಚೇಷ್ಟೆ ಇರಲಿಲ್ಲ.

"ನೀವು ಅಲ್ಲಿ ಡಾಕ್ಟರಾ?" ಎಂದು ಕೇಳಿದೆ.

"ಇಲ್ಲ ಇಲ್ಲ, ನಾನು ರಫ್‌ನೆಕ್," ಎಂದ. ನಮ್ಮ ಕಡೆ ಹೆಡ್‌ಮಾಸ್ತರು ತಮ್ಮ ಹುದ್ದೆ ಹೇಳುವಂತೆ ಹೇಳಿದ.

ಇವತ್ತಿಗೂ ಆ ಸಿಟ್ಟು ಪೂರ್ತಿ ಇಳಿದಿಲ್ಲ. ಬಾಯಿ ಮುಚ್ಚಿಕೊಂಡು ನೀರೂ ಬಿಟ್ಟ ಇವರ ಮೇಲೆ ಅರ್ಧ, ನನ್ನ ಮೇಲೆ ಅರ್ಧ. ಶಿವ ಆ ಉಪವಾಸ ಮೆಚ್ಚಿದನೋ ಇಲ್ಲವೋ, ಕಟಕಟೆ ಇವರ ಕೈಗೆ ಸಿಕ್ಕಿತು, ಹೇಮಿಯ ಕಣ್ಣು ಆ ಕಡೆ ತಿರುಗಿತು. ನನಗೆ ಅಷ್ಟು ಸಾಕು. ಈಗ ಯಾರಾದರೂ ರಫ್‌ನೆಕ್ ಅಂದರೆ ಪುಂಡ ನೆನಪಾಗುವುದಿಲ್ಲ, ಮೇಲೆತ್ತಿದ ಒಂದು ಕೈ ಕಣ್ಣ ಮುಂದೆ ಬರುತ್ತದೆ. ಸೋಮವಾರ ಬಂದರೆ ನಾನೇ ಫೋನ್ ಮಾಡಿ, "ಉಂಡ್ರ್ಯಾ?" ಎಂದು ಕೇಳುತ್ತೇನೆ.

ಆ ದಿನ ಫೋನಿಟ್ಟು ದೇವರ ಮುಂದೆ ನಿಂತೆ. ತಪ್ಪಾಯಿತು ಅನ್ನಲೋ, ನೀನೇ ಕಾಪಾಡಿದೆ ಅನ್ನಲೋ ತಿಳಿಯದೆ ಎರಡನ್ನೂ ಅಂದೆ. ಅಷ್ಟರಲ್ಲಿ ವಾಷಿಂಗ್ ಮಷೀನ್ ಕೂಗಿಕೊಂಡಿತು. ಹೊರಗೆ ಜಿಟಿಜಿಟಿ ಮಳೆ. ಒದ್ದೆ ಬಟ್ಟೆ ತಂದು ಒಂದೊಂದೇ ಝಾಡಿಸಿ ಹೀಟರಿನ ಮುಂದೆ ಹರವಿದೆ.