ಕುಲಾವಿ ಕಳ್ಳಸಾಗಣೆ

ಹೋದ ತಿಂಗಳು ನಾನು ಕಳ್ಳಸಾಗಣೆ ಮಾಡಿ ಸಿಕ್ಕಿಬಿದ್ದೆ. ಮಾಲು? ಒಂದು ಉಣ್ಣೆ ಕುಲಾವಿ.

ನಗಬೇಡಿ. ಅವತ್ತು ನಮ್ಮಲ್ಲಿ ಯಾರಿಗೂ ನಗು ಬರುವ ಹಾಗಿರಲಿಲ್ಲ. ಹೊನ್ನಾಳಿಯಲ್ಲಿ ನನ್ನ ಮಗಳಿಗೆ ಹೆರಿಗೆಯಾಯ್ತು, ಕೂಸು ಅಳಲೇ ಇಲ್ಲ. ಮೆದುಳಿಗೆ ಆಕ್ಸಿಜನ್ ಸಾಲದೆ ಹೋಗಿತ್ತಂತೆ. ಆಂಬುಲೆನ್ಸಿನಲ್ಲಿ ದಾವಣಗೆರೆಗೆ ಓಡಿದೆವು.

ಅಲ್ಲಿನ ಡಾಕ್ಟರಮ್ಮ ಸಂತೇಬೆನ್ನೂರಿನವರೇ. ಹಸುಗೂಸುಗಳ ಮೆದುಳಿನ ಮೇಲೇ ಅರ್ಧ ಆಯುಷ್ಯ ರಿಸರ್ಚ್ ಮಾಡಿದವರು. "ಮೂರು ದಿನ ಮಗೀನ ಮೈ ತಂಪಾಗಿ ಇಡ್ತೀವ್ರಿ. ಮೆದುಳಿಗೆ ಆಗೋ ಪೆಟ್ಟು ಕಮ್ಮಿ ಆಗಬೌದು" ಅಂದರು.

ಗೋವಿನಕೋವಿಯಿಂದ ಬಂದಿದ್ದ ನಮ್ಮವ್ವ ಹೌಹಾರಿದಳು. "ತಂಪಾ? ಬಾಣಂತಿ ಕೋಣ್ಯಾಗೆ ಫ್ಯಾನ್ ಹಾಕಾಕೇ ನಾವು ಬಿಡಲ್ಲ, ಇವ್ರು ಕೂಸನ್ನ ಐಸ್ ಕ್ಯಾಂಡಿ ಮಾಡ್ತಾರಂತೆ!"

ತಪ್ಪು ಅವಳದ್ದಲ್ಲ ಬಿಡಿ. ನಮ್ಮ ಕಡೆ ಕೂಸು ಅಂದರೆ ಎಣ್ಣೆ, ಬಿಸಿನೀರು, ಲೋಬಾನದ ಹೊಗೆ, ಕುಲಾವಿ, ಮೇಲೆ ಹೊದೆಸಲು ಒಂದು ಕೌದಿ. ಮೇ ತಿಂಗಳಾದರೂ ಅಷ್ಟೇ. (ನಾವೆಲ್ಲ ಹಾಗೆ ಬೆಂದೇ ಬೆಳೆದವರು.)

ಒಳಗೆ ಹೋಗಿ ನೋಡಲು ನನ್ನ ಸರದಿ ಬಂದಾಗ ಅವ್ವ ಸೆರಗಿನಿಂದ ಕುಲಾವಿ ತೆಗೆದು ಕೈಗಿಟ್ಟಳು. "ತಲಿಗೆ ಇದೊಂದು ಹಾಕಿ ಬಾರವ್ವ." ಡಬಲ್ ಡಿಗ್ರಿಯ ನಾನು ಏನು ಮಾಡಿದೆ? ಹಾಕಿದೆ! ಆ ತಣ್ಣನೆ ಪುಟ್ಟ ತಲೆ ಮುಟ್ಟಿದ್ದರೆ ನೀವೂ ಹಾಕ್ತಿದ್ರಿ.

ಸ್ವಲ್ಪ ಹೊತ್ತಿಗೆ ಕೂಸಿನ ಮೈ ಬಿಸಿ ಏರಿತೆಂದು ಮಿಷನ್ ಕೂಗಿಕೊಂಡಿತು. ಡಾಕ್ಟರಮ್ಮ ಓಡಿ ಬಂದು ಕುಲಾವಿ ತೆಗೆದರು. "ಯಾರ್ರೀ ಇದನ್ನ ಹಾಕಿದ್ದು?" ನಾನು ಫಾಲ್ಸ್ ಸೀಲಿಂಗ್ ನೋಡುತ್ತ ನಿಂತೆ.

ಅವರು ನನ್ನನ್ನು ಬೈಯಲಿಲ್ಲ. ಸೀದಾ ಹೊರಗೆ ಹೋಗಿ ಅವ್ವನ ಪಕ್ಕ ಕೂತರು. "ಎಷ್ಟು ತಂಪು ಬೇಕು, ಎಷ್ಟು ಹೊತ್ತು ಬೇಕು ಅಂತ ವರ್ಷಗಟ್ಟಲೆ ತಲೆ ಕೆಡಿಸ್ಕೊಂಡೀವಿ ಅಜ್ಜಿ. ಅಜ್ಜಿಯರನ್ನ ತಡೆಯಾಕೆ ಮಾತ್ರ ಇನ್ನೂ ಏನೂ ಕಂಡುಹಿಡಿದಿಲ್ಲ ನೋಡ್ರಿ."

"ಕೂಸಿನ ಬುದ್ಧಿಗೇನೂ ಆಗಲ್ಲ ಅಲ್ವಾ?" ಅವ್ವ ಕೇಳಿದಳು.

"ಗ್ಯಾರಂಟಿ ಕೊಡಾಕೆ ಆಗಲ್ಲ. ಆದ್ರೆ ತಂಪು ಮಾತ್ರ ಕೆಡಿಸಬ್ಯಾಡ್ರಿ."

ಮರುದಿನ ಹಾಗೇ ತಂಪಿಗಿಟ್ಟಿದ್ದ ಇನ್ನೊಂದು ಕೂಸಿನ ಅಜ್ಜಿ, ಜಗಳೂರಿನಾಕೆ, ಕೌದಿ ಹೊತ್ತು ಬಂದಳು. ನಮ್ಮವ್ವ ಬಾಗಿಲಿಗೇ ಅಡ್ಡ ನಿಂತಳು. "ಏ ಯವ್ವಾ, ತಿಳುವಳಿಕೆ ಐತೇನು ನಿನಗೆ? ಮೆದುಳು ತಂಪಾಗಿರಬೇಕು!" ಆ ಅಜ್ಜಿ ತೆಪ್ಪಗೆ ಕೌದಿ ಮಡಚಿ ಅದರ ಮೇಲೇ ಕೂತಳು. ನರ್ಸ್ ಹೇಳಿದ್ದರೆ ಕೇಳುತ್ತಿದ್ದಳಾ?

ನಾಲ್ಕನೇ ದಿನ ಕೂಸಿನ ಮೈಯನ್ನು ಮೆಲ್ಲಮೆಲ್ಲಗೆ ಬೆಚ್ಚಗೆ ಮಾಡಿದರು. ಒಳಗಿಂದ ಅಳು ಕೇಳಿತು. ಸಣ್ಣದಲ್ಲ, ಜಗಳಗಂಟಿ ಅಳು! ನಾನೂ ಗೊಳೋ ಅಂದೆ.

ಡಾಕ್ಟರಮ್ಮ ಹೊರಗೆ ಬಂದರು. "ಸ್ಕ್ಯಾನ್ ಚೆನ್ನಾಗೈತೆ. ಬೆಳೆಯೋವರೆಗೂ ಆಗಾಗ ತಂದು ತೋರಿಸ್ತಾ ಇರ್ರಿ."

ಅವ್ವ ಕಣ್ಣೊರೆಸಿಕೊಂಡು ಅವರ ಎರಡೂ ಕೈ ಹಿಡಿದಳು. ಹಿಡಿದವಳೇ ಗದರಿದಳು. "ಅಯ್ಯೋ, ಕೈ ಹೆಂಗೆ ತಣ್ಣಗಾಗೈತೆ! ದಿನವೆಲ್ಲ ಈ ಎಸಿಯಾಗೆ ನಿಂತಿರ್ತೀಯಲ್ಲ ಮಗಳೇ, ನಿನಗೆ ಹೇಳೋರು ಕೇಳೋರು ಯಾರೂ ಇಲ್ವಾ?"