ಮಡಕೆಯೊಳಗಿನ ಇನ್ಸುಲಿನ್

ಒದ್ದೆ ಮರಳು ತುಂಬಿದ ಮಡಕೆಗೆ ಕೈಹಾಕಿ ಗಿರಿಜಕ್ಕ ಒಂದು ಪುಟ್ಟ ಡಬ್ಬಿ ಹೊರತೆಗೆದರು. ಒಳಗಿದ್ದದ್ದು ಇನ್ಸುಲಿನ್ ಸೀಸೆ! ನಮ್ಮೂರು ಹಿರೇಕೊಡಿಗೆಯಲ್ಲಿ ತೋಟದ ಕೆಲಸ ಮಾಡುವ ಅವರು ನನ್ನನ್ನು ಎತ್ತಿ ಆಡಿಸಿದವರು. ಅವರ ಮನೆಯಲ್ಲಿ ಫ್ರಿಜ್ ಇಲ್ಲ.

"ಸೆಕೆಗೆ ಮದ್ದು ಹಾಳಾಗ್ತದೆ ಅಂತ ಆಸ್ಪತ್ರೆ ನರ್ಸಮ್ಮ ಹೇಳಿದ್ರು. ಅದ್ಕೇ ಹಿಂಗೆ ಇಟ್ಟಿದೀನಿ" ಎಂದರು.

ಬಿಸಿಗೆ ಪ್ರೋಟೀನುಗಳು ಹೇಗೆ ಕೆಡುತ್ತವೆ ಎಂಬುದರ ಮೇಲೆಯೇ ನಾನು ಪಿಎಚ್‌.ಡಿ ಮಾಡಿದ್ದು. ಇನ್ಸುಲಿನ್ ಕೂಡ ಪ್ರೋಟೀನೇ. ಆದರೂ ಫ್ರಿಜ್ ಇಲ್ಲದವರು ಅದನ್ನು ಎಲ್ಲಿಡುತ್ತಾರೆಂದು ಒಮ್ಮೆಯೂ ಯೋಚಿಸಿರಲಿಲ್ಲ. ಪಿಎಚ್‌.ಡಿ ನಂತರದ ಪೋಸ್ಟ್‌ಡಾಕ್ ಸಂಶೋಧನೆಗೆ ಬೇರೇನೋ ವಿಷಯ ಬರೆದು ಅರ್ಜಿ ಸಿದ್ಧ ಮಾಡಿಕೊಂಡಿದ್ದೆ.

"ಸೆಕೆಗೆ ಕೆಡದೇ ಇರೋ ಇನ್ಸುಲಿನ್ ಮಾಡೋಕಾಗ್ತದಾ ನೋಡ್ತೀನಿ ಗಿರಿಜಕ್ಕ" ಎಂದೆ, ಮೆಲ್ಲಗೆ.

ಅವರು ನಕ್ಕು ನನ್ನ ಕೆನ್ನೆ ತಟ್ಟಿದರು. "ಬೇಗ ನೋಡು ಮಾರಾಯ್ತಿ, ನಂಗಾಗ್ಲೇ ಅರವತ್ತಾತು!"

ಆ ಸಂಜೆಯೇ ಅರ್ಜಿಯಲ್ಲಿ ವಿಷಯ ಬದಲಿಸಿದೆ. ಆಯ್ಕೆಯಾಗಿ, ಮೊನ್ನೆ ಪ್ರಯೋಗಾಲಯ ಸೇರಿದ್ದೂ ಆಯಿತು. ಇಷ್ಟು ವರ್ಷ ನನ್ನ ಸಂಶೋಧನೆಗಾಗಿ ಕಾದವರು ಯಾರೂ ಇರಲಿಲ್ಲ. ಈಗ ಹಿರೇಕೊಡಿಗೆಯಲ್ಲಿ ಒಬ್ಬರಿದ್ದಾರೆ.