ಮೂವತ್ನಾಲ್ಕು ಡಿಗ್ರಿಯ ಗುರುವಾರ

ಬೆಳಗಿನ ಐದೂಕಾಲು. ಗಾಜಿನ ಛಾವಣಿಯಿಂದ ಇನ್ನೂ ಬಣ್ಣ ಕಟ್ಟದ ಬೆಳಕು ಇಳಿಯುತ್ತಿದೆ. ಈಜುಕೊಳದ ಮೇಲಿನ ನೀಲಿ ಹೊದಿಕೆಯ ತುದಿ ಹಿಡಿದು ಆಕೆ ಹಿಂದೆ ಹಿಂದೆ ಹೆಜ್ಜೆಯಿಡುತ್ತಾರೆ, ಮಲಗಿದ ಕೂಸಿನ ಮೈಮೇಲಿನ ಬಟ್ಟೆ ಸರಿಸುವಷ್ಟು ಮೆಲ್ಲಗೆ. ನೀರು ಉಸಿರು ಬಿಟ್ಟಂತೆ ಹಬೆ ಏಳುತ್ತದೆ. ಗೋಡೆ, ಏಣಿ, ಗಡಿಯಾರ ಎಲ್ಲವೂ ಅದರಲ್ಲಿ ಕರಗಿ, ರಬ್ಬರ್ ಚಪ್ಪಲಿಯ ಚಟಪಟವೊಂದೇ ಉಳಿಯುತ್ತದೆ. ಮೊಣಕಾಲೂರಿ, ದಾರ ಕಟ್ಟಿದ ಉಷ್ಣಮಾಪಕ ಇಳಿಬಿಟ್ಟು ಕಾಯುತ್ತಾರೆ. ಮೂವತ್ನಾಲ್ಕು ಡಿಗ್ರಿ.

"ಹಾಂ, ಈಗ ಬರ್ಲಿ ನಮ್ಮ ದೊರೆಗಳು."

ದೊರೆಗಳೆಂದರೆ ಊರಾಚೆಯ ಆರೈಕೆ ಮನೆಯಿಂದ ಪ್ರತಿ ಗುರುವಾರ ವ್ಯಾನಿನಲ್ಲಿ ಬರುವ ನಾಲ್ವರು ಮಕ್ಕಳು. ವಾಸಿಯಾಗದ ಕಾಯಿಲೆಯ ಮಕ್ಕಳು ಇರುವಷ್ಟು ದಿನ ನೋವಿಲ್ಲದೆ, ಅಪ್ಪ ಅಮ್ಮನ ಜೊತೆಗೇ ಇರಲೆಂದು ನಡೆಯುವ ಮನೆಯದು. ಆಕೆ ಈಜುಕೊಳದ ನೆಲ ಒರೆಸುವವರು, ನೀರು ನೋಡಿಕೊಳ್ಳುವವರು. ಇಪ್ಪತ್ತೆರಡು ವರ್ಷದಿಂದ ಎಲ್ಲರ ಬಾಯಲ್ಲೂ ನೀರಕ್ಕ.

ಗಂಡ ಗೋಡೆಗೆ ಬಣ್ಣ ಬಳಿಯುತ್ತಿದ್ದವರು. ಏಣಿಯಿಂದ ಬಿದ್ದು ಸೊಂಟ ಹಿಡಿದ ಮೇಲೆ ಮನೆ ನಡೆದದ್ದು, ಇಬ್ಬರು ಹೆಣ್ಣುಮಕ್ಕಳು ಓದಿದ್ದು ಈಕೆಯ ಸಂಬಳದಲ್ಲೇ. ಅಂಗೈ ಬಿರಿದಿದೆ. ಕ್ಲೋರಿನ್ ಹೊಡೆದು ಕಣ್ಣು ಸದಾ ಕೆಂಪು. "ನೋಡಿದೋರು ಗಂಡ ಹೆಂಡ್ತಿ ಜಗಳ ಅನ್ಕೋತಾರೆ. ಪಾಪ, ನಮ್ಮನೆಯೋರು ಬಾಯಿ ಸತ್ತೋರು!"

ಆರು ವರ್ಷದ ಹಿಂದೆ ತಾಯಿಯೊಬ್ಬಳು ಟಿಕೆಟ್ ಕಿಟಕಿಗೆ ಬಂದು, ಕಾಲು ಸೆಟೆದ ಮಗನನ್ನು ಬೆಚ್ಚನೆಯ ನೀರಲ್ಲಿ ಆಡಿಸಬಹುದೇ ಎಂದು ಕೇಳಿದಳು. ನೀರು ಕಾಯಿಸುವ ಖರ್ಚು ಯಾರು ಕೊಡುತ್ತಾರೆಂದು ವ್ಯವಸ್ಥಾಪಕರು ಆಗದೆನ್ನುವಂತೆ ತಲೆಯಾಡಿಸಿದರು. ಆ ತಾಯಿ ಹಿಂದಿರುಗಿದ ರೀತಿ ನೀರಕ್ಕನ ಕಣ್ಣಿಗೆ ಕಟ್ಟಿತು. ಮರುದಿನ ಒರೆಸುವ ಕೋಲು ಹಿಡಿದೇ ದಡದಲ್ಲಿ ನಿಂತು, ಬೆಳಗ್ಗೆ ಈಜುವ ಇಪ್ಪತ್ತೆಂಟು ಜನರನ್ನೂ ತಡೆದರು. "ನೀವು ಹೇಗೂ ಆ ಕಡೆಗೂ ಈ ಕಡೆಗೂ ಹೋಗ್ತಾನೇ ಇರ್ತೀರಿ. ಒಂದೊಂದು ಸುತ್ತಿಗೂ ನೀರು ಕಾಯಿಸೋಕೆ ಚೂರು ದುಡ್ಡು ಕೊಡಿ. ಬೆವರೂ ಬರಲ್ಲ ನಿಮಗೆ."

ನಾಲ್ಕೇ ಸುತ್ತು ಎಂದು ಗೊಣಗಿದ್ದ ಬ್ರೆಡ್ ಅಂಗಡಿಯವರು ಈಗ ನಲವತ್ತು ಹೊಡೆಯುತ್ತಾರೆ. ಅವರ ಕಡೆಯಿಂದ ಊರಿಗೆಲ್ಲ ಸುದ್ದಿ. ಏಳು ಜನ ಗುರುವಾರ ಮಕ್ಕಳ ಜೊತೆ ನೀರಿಗೂ ಇಳಿಯುತ್ತಾರೆ.

ಕಳೆದ ಚಳಿಗಾಲದ ಒಂದು ಬುಧವಾರ ಸಂಜೆ ಬಾಯ್ಲರ್ ಕೈಕೊಟ್ಟಿತು. ರಿಪೇರಿಗೆ ಹತ್ತು ದಿನ ಎಂದರು. ಮರುದಿನ ಏಳು ವರ್ಷದ ಹುಡುಗಿಯೊಬ್ಬಳ ಸರದಿ; ಇನ್ನೊಂದು ಗುರುವಾರವನ್ನು ನೆಚ್ಚಿಕೊಳ್ಳಬೇಡಿ ಎಂದು ವೈದ್ಯರು ಮನೆಯವರಿಗೆ ಹೇಳಿಯಾಗಿತ್ತು.

"ಪಂಪಿನ ಕೋಣೇಲಿ ಕೂತು ಒಂದಿಷ್ಟು ಅತ್ತೆ. ಆಮೇಲೆ ಎದ್ದು ಬ್ರೆಡ್ ಅಂಗಡಿಗೆ ಹೋದೆ," ಎನ್ನುತ್ತಾರೆ ನೀರಕ್ಕ.

ಮಂಡಿಯಾಳದ ಪುಟಾಣಿ ಕೊಳವೊಂದು ಮೂಲೆಯಲ್ಲಿತ್ತು. ಬೆಳಗಾಗುತ್ತಲೇ ಅದಕ್ಕೆ ಬಿಸಿನೀರು ಬರತೊಡಗಿತು. ಬ್ರೆಡ್ ಅಂಗಡಿಯ ಹಂಡೆಗಳು, ಲಾಂಡ್ರಿಯ ಡ್ರಮ್ಮುಗಳು, ಶಾಲೆಯ ಅಡುಗೆಮನೆಯ ಪಾತ್ರೆಗಳು ತಳ್ಳುಗಾಡಿಯಲ್ಲಿ ಹಬೆಯಾಡುತ್ತ ಬೀದಿ ದಾಟಿದವು. ಅಜ್ಜಿಯೊಬ್ಬರು ಎರಡು ಫ್ಲಾಸ್ಕ್ ತಂದು, ಸುರಿದು ಹೋದರು. ಪ್ರತಿ ಪಾತ್ರೆ ಸುರಿದ ಮೇಲೂ ನೀರಕ್ಕ ಕೊಳಕ್ಕೆ ಉಷ್ಣಮಾಪಕ ಅದ್ದಿದರು. ಇಪ್ಪತ್ತು. ಇಪ್ಪತ್ತೇಳು. ಹನ್ನೊಂದು ಗಂಟೆಗೆ ಮೂವತ್ನಾಲ್ಕು.

ಅಮ್ಮ ಉಟ್ಟ ಬಟ್ಟೆಯಲ್ಲೇ ಇಳಿದು ಮಗಳನ್ನು ನೀರ ಮೇಲೆ ಮಲಗಿಸಿದಳು. ಕೂದಲು ಬಿಚ್ಚಿ ಹರಡಿತು. ವಾರಗಳಿಂದ ಮುಷ್ಟಿ ಕಟ್ಟಿದ್ದ ಕೈ ತಾನಾಗಿ ತೆರೆಯಿತು.

"ಅಮ್ಮಾ, ನಾನು ಭಾರ ಇಲ್ವಾ?"

"ಇಲ್ಲ ಪುಟ್ಟಿ. ಒಂಚೂರೂ ಇಲ್ಲ."

ಹಂಡೆ ಹೊತ್ತು ಬಂದವರೆಲ್ಲ ಗೋಡೆಗೊರಗಿ ನಿಂತಿದ್ದರು. ಅವಸರವೆಂಬುದು ಯಾರಿಗೂ ನೆನಪಿರಲಿಲ್ಲ.

ಹನ್ನೆರಡನೆಯ ದಿನ ಮಗು ಹೋಯಿತು. ತಿಂಗಳಾದ ಮೇಲೆ ಅವಳ ಅಪ್ಪ ಈಜು ಕಲಿಯಲು ಬಂದರು. ಈಗ ಪ್ರತಿ ಗುರುವಾರ, ಮಕ್ಕಳು ಹೋದ ನಂತರ, ದೊಡ್ಡ ಕೊಳದಲ್ಲಿ ಇಪ್ಪತ್ತು ಸುತ್ತು ಹೊಡೆದು ತಮ್ಮ ಪಾಲು ಕೊಡುತ್ತಾರೆ. "ಅವಳ ವಾರ ಖಾಲಿ ಬಿಡಬಾರದು," ಎನ್ನುತ್ತಾರೆ.

ಬಾಗಿಲ ಬಳಿ ನೀರಕ್ಕನ ಫೋಟೋ ಹಾಕೋಣವೆಂಬ ಮಾತೂ ಎದ್ದಿತ್ತು. "ಆ ದುಡ್ಡಲ್ಲಿ ಎರಡು ಹಿಡಿಕೆ ಹಾಕ್ಸಿ, ಕಾಲು ಜಾರತ್ತೆ," ಎಂದು ಅಲ್ಲೇ ಮುಗಿಸಿದರು.

ನಿಮಗೆ ಏನೂ ಬೇಡವೇ ಎಂದರೆ ಒದ್ದೆ ಕೈ ಒರೆಸಿಕೊಂಡು ಯೋಚಿಸುತ್ತಾರೆ. "ನೀರಲ್ಲಿ ಕಿವಿ ಮುಳುಗಿದ್ರೆ ಏನೋ ಕೇಳ್ಸತ್ತಂತೆ. ಒಂದು ಮಗು ಬಸ್ಸಿನ ಸದ್ದು ಅಂತು. ಇನ್ನೊಂದು, ಅಮ್ಮನ ಹೊಟ್ಟೆ ಸದ್ದು ಅಂತು. ನನಗೆ ತೇಲೋಕೆ ಬರಲ್ಲ ಕಣ್ರಿ, ಸೊಂಟದ ಮೇಲೆ ನೀರು ಬಂದ್ರೆ ಭಯ." ಕೆಂಪು ಕಣ್ಣು ನಗುತ್ತದೆ. "ಕೆಲಸ ಬಿಡೋಷ್ಟರಲ್ಲಿ ಒಂದ್ಸಲ ಅಂಗಾತ ಮಲಗಿ ಕೇಳ್ಬೇಕು, ಈ ಮಕ್ಕಳಲ್ಲಿ ಯಾರು ನಿಜ ಹೇಳಿದ್ದು ಅಂತ."